ರಕ್ತನಾಳದ ಮೂಲಕ ಅನ್ನ

ಮನೆಯಲ್ಲಿ ಹಿರಿಯರೊಬ್ಬರು ಮೂರು ದಿನಗಳಿಂದ ಅನ್ನ ಬಿಟ್ಟು ಮಲಗಿರುವರೆಂದರೆ, ಮನೆಯವರ ಬಾಯಿಂದ ಮೊದಲು ಹೊರಡುವ ಮಾತು ಯಾವುದೆಂಬುದನ್ನು ನಮ್ಮ ವಾಚಕರು ಚೆನ್ನಾಗಿ ಬಲ್ಲರು. “ಡಾಕ್ಟರೆ, ಒಂದು ಗ್ಲೂಕೋಸು ಏರಿಸಿಬಿಡಿ, ಸ್ವಲ್ಪ ಶಕ್ತಿಯಾದರೂ ಬರಲಿ.” ಡಾಕ್ಟರು ಬೇಡವೆಂದರೆ ಅವರಿಗೆ ರೋಗಿಯ ಮೇಲೆ ಕನಿಕರವಿಲ್ಲವೆಂದು ಅರ್ಥ. ಬೇಕೆಂದು ಏರಿಸಿದರೆ, ಕಂಬದಿಂದ ತೂಗುವ ಆ ಸೀಸೆಯಲ್ಲಿ ಹನಿ ಹನಿಯಾಗಿ ನೀರು ಇಳಿಯುವುದನ್ನು ನೋಡುತ್ತ ಮನೆಮಂದಿಯೆಲ್ಲ ನಿಟ್ಟುಸಿರು ಬಿಡುವರು. ಹಬ್ಬದ ದಿನ ಎಲೆಯ ಮುಂದೆ ಕುಳಿತವರಿಗೆ ಬಡಿಸಿದಷ್ಟೇ ತೃಪ್ತಿ ಅವರಿಗಾಗುವುದು. ಈ ತೃಪ್ತಿಯನ್ನು ಕೆಡಿಸುವುದು ನಮ್ಮ ಉದ್ದೇಶವಲ್ಲ. ಆದರೆ ಆ ಸೀಸೆಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗೃಹಸ್ಥರು ತಿಳಿದಿರುವುದು ಅವಶ್ಯವೆಂದು ನಮಗೆ ತೋರಿದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಸಾಮಾನ್ಯವಾಗಿ ಏರಿಸುವ ಗ್ಲೂಕೋಸಿನ ಸೀಸೆಯ ಮೇಲೆ ‘ಶೇಕಡಾ ೫’ ಎಂದು ಅಚ್ಚಾಗಿರುತ್ತದೆ. ಅಂದರೆ ಒಂದು ಲೀಟರು ನೀರಿನಲ್ಲಿ ೫೦ ಗ್ರಾಂ ಸಕ್ಕರೆ. ನಮ್ಮ ಹಳೆಯ ತೂಕದಲ್ಲಿ ನಾಲ್ಕು ತೊಲಕ್ಕೆ ಸ್ವಲ್ಪ ಹೆಚ್ಚು. ಇದರಿಂದ ದೇಹಕ್ಕೆ ದೊರೆಯುವ ಕಾವು ಸುಮಾರು ೧೭೦ ಕ್ಯಾಲೊರಿ. ಮೂರು ಸಣ್ಣ ಇಡ್ಲಿಗಳನ್ನು ತಿಂದರೆ ಸುಮಾರಾಗಿ ಇಷ್ಟೇ ಸಿಕ್ಕುತ್ತದೆ. ಹಾಸಿಗೆ ಹಿಡಿದಿರುವ ೫೦ ಕಿಲೋಗ್ರಾಂ ತೂಕದ ಮನುಷ್ಯನಿಗೂ ದಿನವೊಂದಕ್ಕೆ ೧೨೫೦ರಿಂದ ೧೫೦೦ ಕ್ಯಾಲೊರಿ ಬೇಕು. ಅದನ್ನು ಈ ಸೀಸೆಗಳಿಂದಲೇ ಒದಗಿಸುವುದಾದರೆ ದಿನಕ್ಕೆ ಏಳೆಂಟು ಲೀಟರು ಏರಿಸಬೇಕಾದೀತು. ಹಾಗೆ ಏರಿಸಿದರೆ ರೋಗಿಯು ಹಸಿವಿನಿಂದ ಸಾಯುವ ಬದಲು ನೀರಿನಿಂದ ಸತ್ತಾನು. ಇನ್ನು ‘ಸಲೈನ್’ ಎಂಬ ಸೀಸೆಯಲ್ಲಿರುವುದು ಲೀಟರಿಗೆ ೯ ಗ್ರಾಂ ಉಪ್ಪು ಮಾತ್ರ. ಅದರಲ್ಲಿ ಅನ್ನದ ಅಂಶ ಕಿಂಚಿತ್ತೂ ಇಲ್ಲ.

ಹಾಗಾದರೆ ಈ ಸೀಸೆಗಳು ನಿರರ್ಥಕವೇ? ಸರ್ವಥಾ ಅಲ್ಲ. ವಾಂತಿಭೇದಿಗಳಿಂದ ಬತ್ತಿದ ದೇಹಕ್ಕೆ ನೀರು ಮತ್ತು ಉಪ್ಪುಗಳೇ ಪ್ರಾಣ. ಅವು ಪ್ರಾಣವನ್ನು ಹಿಡಿದು ನಿಲ್ಲಿಸುತ್ತವೆ, ದೇಹವನ್ನು ಪೋಷಿಸುವುದಿಲ್ಲ, ಅಷ್ಟೆ. ಈ ಎರಡು ಕಾರ್ಯಗಳೂ ಒಂದೇ ಎಂಬ ಭ್ರಮೆಯಿಂದಲೇ ಎಷ್ಟೋ ಮನೆಗಳಲ್ಲಿ, ಗಂಜಿ ಕುಡಿಯಬಲ್ಲ ರೋಗಿಗೂ ಗಂಜಿಯನ್ನು ಬಿಡಿಸಿ ಸೀಸೆಯನ್ನು ಕಟ್ಟಿಸುವುದುಂಟು.

ಆದರೆ ನಿಜವಾಗಿಯೂ ಬಾಯಿಯನ್ನೂ ಜಠರವನ್ನೂ ಕರುಳನ್ನೂ ಬಿಟ್ಟು, ನೇರವಾಗಿ ರಕ್ತದೊಳಕ್ಕೆ ಪೂರ್ಣಾಹಾರವನ್ನು ಕೊಡುವ ವಿಧಾನವೊಂದಿದೆ. ಅದರಿಂದ ಕೂಸುಗಳು ಬೆಳೆದಿವೆ. ದೊಡ್ಡವರು ವರ್ಷಾನುವರ್ಷ ಬದುಕಿದ್ದಾರೆ. ಅದು ಸಾಧ್ಯವಾಗುವುದಕ್ಕೆ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಇಷ್ಟು ತಡವೇಕೆ ಎಂದು ಯಾರಾದರೂ ಕೇಳಬಹುದು. ಗಂಜಿಯನ್ನು ತೆಳ್ಳಗೆ ಸೋಸಿ ಸೂಜಿಯಿಂದ ಹಾಕಿದರೆ ಸಾಲದೆ? ಸಾಲದು. ನಾವು ಉಂಡ ಅನ್ನವು ಅನ್ನವಾಗಿಯೇ ರಕ್ತವನ್ನು ಸೇರುವುದಿಲ್ಲ. ಜಠರದಿಂದ ಮೊದಲ್ಗೊಂಡು ಸುಮಾರು ಇಪ್ಪತ್ತು ಅಡಿ ಉದ್ದದ ಸಣ್ಣಕರುಳಿನ ಕೊನೆಯವರೆಗೆ ಅದನ್ನು ಒಡೆದು ಒಡೆದು, ಪಿಷ್ಟವನ್ನು ಸಕ್ಕರೆಯಾಗಿಯೂ, ಬೇಳೆ ಹಾಲುಗಳ ಸಾರಜನಕ ದ್ರವ್ಯವನ್ನು ಅಮೈನೋ ಆಮ್ಲಗಳೆಂಬ ಸಣ್ಣ ತುಣುಕುಗಳಾಗಿಯೂ ಮಾಡಿದ ಮೇಲೆಯೇ ರಕ್ತದ ಬಾಗಿಲು ತೆರೆಯುವುದು. ನಾವು ನಿತ್ಯವೂ ಕಾಫಿಗೆ ಹಾಕುವ ಕಬ್ಬಿನ ಸಕ್ಕರೆಗೂ ಈ ನಿಯಮ ತಪ್ಪದು. ಫ್ರಾನ್ಸಿನ ಕ್ಲೋದ್ ಬೆರ್ನಾರ್ ಎಂಬ ಮಹಾವಿಜ್ಞಾನಿಯು ೧೮೪೩ರಲ್ಲಿ ಕಬ್ಬಿನ ಸಕ್ಕರೆಯನ್ನು ಪ್ರಾಣಿಯ ರಕ್ತನಾಳಕ್ಕೆ ಹಾಕಿ ನೋಡಿದನು. ದೇಹವು ಅದನ್ನು ತನ್ನದೆಂದು ಒಪ್ಪಿಕೊಳ್ಳಲಿಲ್ಲ. ಸಕ್ಕರೆಯು ಮೂತ್ರದಲ್ಲಿ ಹೊರಬಿದ್ದಿತು. ಅದೇ ಸಕ್ಕರೆಯನ್ನು ಮೊದಲು ಜಠರರಸದಲ್ಲಿ ಪಕ್ವಮಾಡಿ ಹಾಕಿದಾಗ ದೇಹವು ಅದನ್ನು ಉಳಿಸಿಕೊಂಡಿತು. ಜಠರಾಗ್ನಿಯ ಕೆಲಸವನ್ನು ಹೊರಗೆ ಮಾಡಿ ಮುಗಿಸದೆ ರಕ್ತಕ್ಕೆ ಅನ್ನವನ್ನು ಬಡಿಸುವಂತಿಲ್ಲವೆಂದಾಯಿತು.

ರಕ್ತವು ದೇಹದಲ್ಲಿ ಸುತ್ತುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆಯು ೧೬೨೮ರಲ್ಲಿ ಪ್ರಕಟಿಸಿದ ಮೇಲೆ, ಆ ಪ್ರವಾಹದೊಳಕ್ಕೆ ಏನನ್ನಾದರೂ ಹಾಕಿ ನೋಡಬೇಕೆಂಬ ಆಸೆ ಹಲವರಿಗೆ ಹುಟ್ಟಿತು. ಮುಂದೆ ಲಂಡನ್ನಿನ ಸೇಂಟ್ ಪಾಲ್ ದೇವಾಲಯವನ್ನು ಕಟ್ಟಿದ ಕ್ರಿಸ್ಟಫರ್ ರೆನ್ ಎಂಬಾತನು ೧೬೫೬ರಲ್ಲಿ ಆಕ್ಸ್‌ಫರ್ಡಿನಲ್ಲಿ, ಬಾತಿನ ಗರಿಯ ಕೊಳವೆಯನ್ನು ಪ್ರಾಣಿಯ ಮೂತ್ರಕೋಶದ ಚೀಲಕ್ಕೆ ಕಟ್ಟಿ, ನಾಯಿಯ ಸಿರೆಯೊಳಕ್ಕೆ ಮದ್ಯವನ್ನೂ ಅಫೀಮನ್ನೂ ಹರಿಸಿದನು. ನಾಯಿಗೆ ಅಮಲೇರಿತು. ಅನ್ನವನ್ನು ಹರಿಸುವ ಮಾತು ಇನ್ನೂ ದೂರವಿತ್ತು.

ನೀರಿನ ಮಾತು ಮಾತ್ರ ಬೇಗ ಬಂದಿತು; ಅದನ್ನು ತಂದುದು ಕಾಲರಾ. ೧೮೩೧-೩೨ರಲ್ಲಿ ಈ ಮಾರಿಯು ಬ್ರಿಟನ್ನಿಗೆ ನುಗ್ಗಿದಾಗ ಓ'ಶಾನಸಿ ಎಂಬ ಐರಿಷ್ ಯುವಕ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರೊಳಗಿನ ನೀರೂ ಉಪ್ಪುಗಳೂ ಸೋರಿಹೋಗಿವೆಯೆಂದು ತೋರಿಸಿದನು. ಈ ಮಹಾಶಯನೇ ಮರುವರ್ಷ ಕಲ್ಕತ್ತೆಗೆ ಬಂದು, ಕಾಲಾಂತರದಲ್ಲಿ ಆಗ್ರಾ, ಮುಂಬಯಿ, ಮದರಾಸುಗಳಿಗೆ ತಂತಿಯ ಕಂಬಗಳನ್ನು ನೆಡಿಸಿದವನು; ಒಬ್ಬ ಮನುಷ್ಯನಿಗೆ ಇಷ್ಟು ಸಾಕಲ್ಲವೆ! ಅವನ ಮಾತನ್ನು ನಂಬಿ ಕಾರ್ಯಕ್ಕಿಳಿದವನು ಸ್ಕಾಟ್ಲೆಂಡಿನ ಲೀತ್ ಎಂಬ ಬಂದರಿನ ವೈದ್ಯ ಥಾಮಸ್ ಲ್ಯಾಟಾ. ಅವನ ಮೊದಲ ರೋಗಿ ಒಬ್ಬ ಮುದುಕಿ. ಎಲ್ಲ ಚಿಕಿತ್ಸೆಯೂ ಮುಗಿದು, ಇನ್ನು ಯಾವುದರಿಂದಲೂ ಇವಳಿಗೆ ಕೆಡುಕಾಗಲಾರದೆಂಬ ಸ್ಥಿತಿಗೆ ಅವಳು ಬಂದಿದ್ದಳು. ಲ್ಯಾಟಾ ಉಪ್ಪುನೀರನ್ನು ಅವಳ ಸಿರೆಗೆ ಹರಿಸತೊಡಗಿದನು. ಮೊದಲು ಯಾವ ಫಲವೂ ಕಾಣಲಿಲ್ಲ. ಅರ್ಧ ಗಂಟೆಯಲ್ಲಿ ಮೂರು ಲೀಟರಿಗೂ ಮೀರಿ ನೀರು ಒಳಸೇರುವಷ್ಟರಲ್ಲಿ ಗುಳಿಬಿದ್ದ ಕಣ್ಣುಗಳು ಮೇಲೆದ್ದವು, ತಣ್ಣಗಿದ್ದ ಕೈಕಾಲುಗಳು ಬೆಚ್ಚಗಾದವು, ನಾಡಿ ಮರಳಿತು. ಮುದುಕಿಯು ತನಗೆ ಈಗ ಯಾವ ನೋವೂ ಇಲ್ಲವೆಂದು ಗಟ್ಟಿಯಾಗಿ ನುಡಿದಳು. ವೈದ್ಯನು ಅವಳನ್ನು ಆಸ್ಪತ್ರೆಯವರ ವಶಕ್ಕೆ ಬಿಟ್ಟು ಮನೆಗೆ ಹೋದನು. ಭೇದಿಯು ಮತ್ತೆ ಆರಂಭವಾಯಿತು. ಮತ್ತೆ ನೀರು ಏರಿಸುವವರಿಲ್ಲ. ಐದೂವರೆ ಗಂಟೆಗಳಲ್ಲಿ ಅವಳು ತೀರಿಕೊಂಡಳು. ಒಮ್ಮೆ ಹಿಡಿದ ಕೆಲಸವನ್ನು ನಡುವೆ ಬಿಡಬಾರದೆಂಬುದನ್ನು ಲ್ಯಾಟಾ ತಿಳಿದನು; ಜಗತ್ತು ಮಾತ್ರ ಅದನ್ನು ಮರೆತು ಬಹುಕಾಲ ಸುಮ್ಮನಿದ್ದಿತು.

ಕಳೆದ ಶತಮಾನದ ಹಿಂದಿನ ಶತಮಾನದಲ್ಲಿ ಕೆನಡಾ ಅಮೆರಿಕಗಳ ಕೆಲವು ವೈದ್ಯರು ಹಾಲನ್ನೇ ಸಿರೆಗೆ ಹಾಕಿ ನೋಡಿದುದುಂಟು. ಕೆಲವರು ಬದುಕಿದರು, ಏತಕ್ಕೆ ಬದುಕಿದರೆಂಬುದು ಆಶ್ಚರ್ಯವೇ. ಆ ಪ್ರಯೋಗವನ್ನು ಬೇಗನೆ ಕೈಬಿಟ್ಟುದು ಲೇಸಾಯಿತು. ಮಿಕ್ಕವರು ಗುದದ್ವಾರದಿಂದ ಆಹಾರ ಕೊಡುವ ಪುರಾತನ ಕ್ರಮವನ್ನೇ ಅನುಸರಿಸುತ್ತಿದ್ದರು. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನಿಗೆ ೧೮೮೧ನೆಯ ಜುಲೈ ೨ರಂದು ಗುಂಡೇಟು ತಗಲಿದ ಮೇಲೆ, ಅವನ ಹೊಟ್ಟೆಯಲ್ಲಿ ಏನೂ ನಿಲ್ಲದಿದ್ದಾಗ, ಮೊಟ್ಟೆ, ಮಾಂಸದ ಸಾರು, ಮದ್ಯ ಮೊದಲಾದುವನ್ನು ಹೀಗೆಯೇ ಕೊಟ್ಟರು. ದೊಡ್ಡಕರುಳು ನೀರನ್ನೂ ಉಪ್ಪನ್ನೂ ಹೀರಬಲ್ಲುದೇ ವಿನಾ ಇಂತಹ ಆಹಾರವನ್ನು ಅರಗಿಸಲಾರದು. ಒಂದು ರಾಷ್ಟ್ರದ ಐಶ್ವರ್ಯವೆಲ್ಲ ಬಾಗಿಲಲ್ಲಿ ನಿಂತಿರಲು, ದೃಢಕಾಯನಾದ ಆ ಮನುಷ್ಯನು ಎಲುಬುಗೂಡಾಗಿ ಸೆಪ್ಟೆಂಬರ್ ೧೯ರಂದು ಮಡಿದನು. ಗಾಯದ ನಂಜಿನೊಡನೆ ಹಸಿವೂ ಅವನನ್ನು ಕೊಂದಿತೆಂದರೆ ತಪ್ಪಾಗಲಾರದು.

ಆಹಾರದ ಒಂದೊಂದು ಭಾಗವೂ ಒಂದೊಂದು ಕಾಲದಲ್ಲಿ ಸಿದ್ಧವಾಯಿತು. ಗ್ಲೂಕೋಸನ್ನು ಮನುಷ್ಯನ ಸಿರೆಗೆ ೧೮೯೬ರಲ್ಲಿ ಕೊಟ್ಟರು. ಆದರೆ ಏರಿಸಿದ ಬಳಿಕ ಹಲವರಿಗೆ ಚಳಿನಡುಕದ ಜ್ವರ ಬರುತ್ತಿದ್ದಿತು; ಕಾರಣವು ಯಾರಿಗೂ ಹೊಳೆಯಲಿಲ್ಲ. ೧೯೨೩ರಲ್ಲಿ ಫ್ಲಾರೆನ್ಸ್ ಸೈಬರ್ಟ್ ಎಂಬ ಅಮೆರಿಕದ ವಿದುಷಿಯು, ಭಟ್ಟಿಯಿಳಿಸಿದ ಶುದ್ಧ ನೀರಿನಲ್ಲಿಯೂ ಸೂಕ್ಷ್ಮಜೀವಿಗಳ ವಿಷವು ಉಳಿದಿರಬಹುದೆಂದೂ, ಜ್ವರಕ್ಕೆ ಅದೇ ಕಾರಣವೆಂದೂ ಕಂಡುಹಿಡಿದಳು. ನೀರನ್ನು ಕುದಿಸಿದರೆ ಜೀವಿಗಳು ಸಾಯುತ್ತವೆ, ಅವುಗಳ ವಿಷ ಸಾಯುವುದಿಲ್ಲ. ಇಂದು ಆಸ್ಪತ್ರೆಯಲ್ಲಿ ನಾವು ನಿಶ್ಚಿಂತೆಯಿಂದ ಸೀಸೆ ಏರಿಸಿಕೊಳ್ಳುವೆವಾದರೆ ಈ ತಾಯಿಯ ಋಣ ನಮ್ಮ ಮೇಲಿದೆ. ೧೯೩೭ರಲ್ಲಿ ರಾಬರ್ಟ್ ಎಲ್‌ಮನ್ ಎಂಬ ಶಸ್ತ್ರವೈದ್ಯನು ಸಾರಜನಕ ದ್ರವ್ಯವನ್ನು ಒಡೆದು ಪಡೆದ ಅಮೈನೋ ಆಮ್ಲಗಳನ್ನು ರೋಗಿಗಳಿಗೆ ಏರಿಸಿದನು. ಈಗ ಸಕ್ಕರೆಯೂ ಆಯಿತು, ಸಾರವೂ ಆಯಿತು. ಆದರೂ ರೋಗಿಗಳು ಸೊರಗುತ್ತಲೇ ಇದ್ದರು. ತೊಡಕು ಆಹಾರದಲ್ಲಿರಲಿಲ್ಲ, ದಾರಿಯಲ್ಲಿತ್ತು.

ಮೊಳಕೈಯ ಸಿರೆ ಸಣ್ಣದು. ಅದರಲ್ಲಿ ರಕ್ತವು ಮೆಲ್ಲಗೆ ಹರಿಯುವುದು. ಗಾಢವಾದ ಸಕ್ಕರೆಯ ದ್ರವವನ್ನು ಅದಕ್ಕೆ ಹಾಕಿದರೆ ಒಳಗೋಡೆಯು ಬೆಂದು ಊದಿ, ರಕ್ತವು ಹೆಪ್ಪುಗಟ್ಟಿ, ದಾರಿಯೇ ಮುಚ್ಚಿಹೋಗುವುದು. ತೆಳುವಾದ ದ್ರವವನ್ನು ಹಾಕಿದರೆ ನೀರೇ ಹೆಚ್ಚು, ಅನ್ನ ಕಡಿಮೆ. ಹೃದಯದ ಬಳಿಯಲ್ಲಿರುವ ಮಹಾಸಿರೆಯಲ್ಲಿ ನಿಮಿಷಕ್ಕೆ ಸುಮಾರು ಎರಡು ಲೀಟರು ರಕ್ತವು ಧುಮುಕುತ್ತಿರುತ್ತದೆ. ಅಲ್ಲಿ ಬಿದ್ದ ಪಾಕವು ಕಾವೇರಿಯ ಪ್ರವಾಹದಲ್ಲಿ ಬಿದ್ದ ಬೆಲ್ಲದಂತೆ ಕ್ಷಣದಲ್ಲಿ ಕರಗಿಹೋಗುವುದು. ಆದರೆ ಹೃದಯದ ಬಾಗಿಲಿಗೆ ಕೊಳವೆಯನ್ನು ಕೊಂಡೊಯ್ಯುವ ಧೈರ್ಯ ಯಾರಿಗಿತ್ತು?

ಅದು ೧೯೨೯ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆ ಎಂಬ ಊರಿನ ವೆರ್ನರ್ ಫೋರ್ಸ್‌ಮನ್ ಎಂಬ ಇಪ್ಪತ್ತೈದು ವರ್ಷದ ವೈದ್ಯನಿಗಿತ್ತು. ಮೇಲಧಿಕಾರಿಯು ಬೇಡವೆಂದಿದ್ದನು. ಶಸ್ತ್ರಗಳ ಬೀಗದಕೈ ಇದ್ದ ದಾದಿಯು ತನ್ನ ಮೇಲೆಯೇ ಪ್ರಯೋಗ ನಡೆಯಲೆಂದು ಒಪ್ಪಿ ಮೇಜಿನ ಮೇಲೆ ಮಲಗಿದಳು. ಫೋರ್ಸ್‌ಮನ್ ಅವಳ ಕೈಕಾಲುಗಳನ್ನು ಕಟ್ಟಿ, ಅವಳಿಗೆ ತಿಳಿಯದಂತೆ ತನ್ನ ಕೈಯ ಸಿರೆಯನ್ನೇ ಕೊಯ್ದು, ೬೫ ಸೆಂಟಿಮೀಟರು ಕೊಳವೆಯನ್ನು ಒಳಕ್ಕೆ ತಳ್ಳಿ, ಅವಳೊಡನೆ ಮೆಟ್ಟಿಲಿಳಿದು ಹೋಗಿ ಕ್ಷಕಿರಣದ ಚಿತ್ರ ತೆಗೆಯಿಸಿದನು. ಕೊಳವೆಯ ತುದಿಯು ಹೃದಯದೊಳಗಿದ್ದಿತು. ಆತನು ನಿಂತೇ ಇದ್ದನು. ಆಗ್ಗೆ ದೊರೆತುದು ಹೆಚ್ಚಾಗಿ ನಿಂದೆ. ನೊಬೆಲ್ ಪಾರಿತೋಷಕವು ೧೯೫೬ರಲ್ಲಿ ಬಂದಿತು. ೧೯೫೨ರಲ್ಲಿ ಓಬಾನ್ಯಾಕ್ ಎಂಬ ಫ್ರೆಂಚ್ ವೈದ್ಯನು ಕೊರಳೆಲುಬಿನ ಕೆಳಗಿನ ಸಿರೆಯನ್ನು ಸೂಜಿಯಿಂದ ಮುಟ್ಟುವ ಕ್ರಮವನ್ನು ತೋರಿಸಿದನು. ದಾರಿಯು ತೆರೆಯಿತು.

ಈ ಎಲ್ಲವನ್ನೂ ಒಂದುಗೂಡಿಸಿದವನು ಅಮೆರಿಕದ ಫಿಲಡೆಲ್ಫಿಯಾ ನಗರದ ಸ್ಟ್ಯಾನ್ಲಿ ಡಡ್ರಿಕ್. ತರುಣ ವೈದ್ಯನಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಆರೈಕೆಯಲ್ಲಿದ್ದ ಮೂವರು ಒಬ್ಬರ ಹಿಂದೊಬ್ಬರು ಮಡಿದರು. ಶಸ್ತ್ರಕ್ರಿಯೆಗಳೇನೋ ಸರಿಯಾಗಿಯೇ ನಡೆದಿದ್ದವು. ಅವರನ್ನು ಕೊಂದುದು ಕತ್ತಿಯಲ್ಲ, ಉಪವಾಸವೆಂಬುದನ್ನು ಅವನ ಗುರುಗಳಾದ ಜೊನಾಥನ್ ರೋಡ್ಸ್ ತಿಳಿಯಹೇಳಿದರು. ಡಡ್ರಿಕ್ ಬೀಗಲ್ ಜಾತಿಯ ಆರು ನಾಯಿಮರಿಗಳನ್ನು ಆರಿಸಿ, ಅವುಗಳ ಮಹಾಸಿರೆಗೆ ಕೊಳವೆಯಿಟ್ಟು, ಬಾಯಿಂದ ಏನನ್ನೂ ಕೊಡದೆ ಸಾಕಿದನು. ಯಾವುದನ್ನೂ ೭೨ ದಿನಗಳಿಗೆ ಕಡಿಮೆಯಿಲ್ಲದಂತೆ, ಒಂದನ್ನಂತೂ ಎಂಟು ತಿಂಗಳ ಮೇಲೆ. ಅವು ಬಟ್ಟಲಿನಲ್ಲಿ ತಿಂದು ಬೆಳೆದ ಒಡಹುಟ್ಟಿದ ಮರಿಗಳಿಗೆ ಸರಿಸಮವಾಗಿ ಬೆಳೆದವು. ಅಲ್ಲಿಯವರೆಗೆ ವಿದ್ವಾಂಸರು ಇದು ಅಸಾಧ್ಯವೆನ್ನುತ್ತಿದ್ದರು.

೧೯೬೭ರಲ್ಲಿ ಅದೇ ನಗರದ ಮಕ್ಕಳ ಆಸ್ಪತ್ರೆಗೆ ಒಂದು ಹೆಣ್ಣುಕೂಸು ಬಂದಿತು. ಹುಟ್ಟುವಾಗಲೇ ಅದರ ಸಣ್ಣಕರುಳು ಬಹುಪಾಲು ಇರಲಿಲ್ಲ. ಕೂಸು ದಿನದಿನಕ್ಕೆ ಬತ್ತುತ್ತಿತ್ತು. ಡಡ್ರಿಕ್ ಮತ್ತು ಅವನ ಸಂಗಡಿಗ ಡಗ್ಲಸ್ ವಿಲ್ಮೋರ್ ಕೊರಳಿನ ಸಿರೆಯಿಂದ ಮಹಾಸಿರೆಗೆ ಕೊಳವೆಯನ್ನಿಳಿಸಿ, ಇನ್ನೊಂದು ತುದಿಯನ್ನು ಚರ್ಮದಡಿಯಲ್ಲಿ ಸುರಂಗದಂತೆ ನಡೆಯಿಸಿ ಕಿವಿಯ ಹಿಂದೆ ಹೊರತೆಗೆದರು. ಸಿರೆಯ ಬಾಯಿಗೂ ಚರ್ಮದ ಬಾಯಿಗೂ ದೂರವಿದ್ದಷ್ಟೂ ನಂಜು ಒಳಹೊಗುವುದು ಕಷ್ಟ, ಅದಕ್ಕಾಗಿ. ಕೂಸಿನ ತೂಕ ಏರಿತು, ಉದ್ದ ಬೆಳೆಯಿತು, ತಲೆಯ ಸುತ್ತಳತೆ ಹಿಗ್ಗಿತು. ಅನ್ನವನ್ನು ನುಂಗದೆ ಮನುಷ್ಯಶಿಶುವೊಂದು ಬೆಳೆದುದು ಅದೇ ಮೊದಲೆಂದು ವೈದ್ಯಲೋಕವು ಬೆರಗಾಯಿತು. ಆ ಕೂಸು ಬದುಕಿದುದು ೨೨ ತಿಂಗಳು ಮಾತ್ರ. ಅದರ ಆಹಾರದ ಕೊರತೆಯಿಂದ ವೈದ್ಯರು ಕಲಿತ ಪಾಠಗಳಿಂದ ಬದುಕಿದ ಮಕ್ಕಳನ್ನು ಎಣಿಸುವವರಾರು? ಇಂದು ತಿಂಗಳು ತುಂಬದೆ ಹುಟ್ಟಿದ ಅಂಗೈಯಗಲದ ಶಿಶುಗಳಿಗೆ, ಅವುಗಳ ಕರುಳು ಹಾಲನ್ನು ಅರಗಿಸುವಷ್ಟು ಬಲಿಯುವವರೆಗೆ, ಈ ಕ್ರಮದಿಂದಲೇ ಪೋಷಣೆ ನಡೆಯುತ್ತಿದೆ. ಡಡ್ರಿಕ್ ೨೦೨೦ರಲ್ಲಿ ತೀರಿಕೊಂಡನು.

ಜಿಡ್ಡಿನ ಪದಾರ್ಥವನ್ನು ರಕ್ತಕ್ಕೆ ಹೊಂದುವಂತೆ ಮಾಡಿದ ಕೀರ್ತಿ ಸ್ವೀಡನ್ನಿನ ಆರ್ವಿಡ್ ವ್ರೆಟ್ಲಿಂಡನದು. ಎಣ್ಣೆ ನೀರಿನಲ್ಲಿ ಬೆರೆಯದು. ದೊಡ್ಡ ಎಣ್ಣೆಹನಿಯು ಶ್ವಾಸಕೋಶದ ಎಳೆನಾಳಗಳಲ್ಲಿ ಸಿಕ್ಕಿ ಪ್ರಾಣ ತೆಗೆಯಬಲ್ಲುದು. ಹತ್ತಿಬೀಜದ ಎಣ್ಣೆಯಿಂದ ಅಮೆರಿಕನರು ಮಾಡಿದ ದ್ರವವು ರೋಗಿಗಳಿಗೆ ಒಗ್ಗದೆ ಕೈಬಿಡಬೇಕಾಯಿತು. ವ್ರೆಟ್ಲಿಂಡನು ಸೋಯಾ ಅವರೆಯ ಎಣ್ಣೆಯನ್ನು ಮೊಟ್ಟೆಯ ಹಳದಿಯ ಸತ್ವದಿಂದ ಕಡೆದು, ಊಟವಾದ ಮೇಲೆ ನಮ್ಮ ರಕ್ತದಲ್ಲಿ ತಾನಾಗಿ ತೇಲುವ ಜಿಡ್ಡಿನ ಕಣಗಳಷ್ಟೇ ಸಣ್ಣದಾಗಿಸಿದನು. ೧೯೬೦ರ ಬಳಿಕ ಅದು ಬಳಕೆಗೆ ಬಂದಿತು. ಆಸ್ಪತ್ರೆಯಲ್ಲಿ ಹಾಲಿನಂತೆ ಬೆಳ್ಳಗಿರುವ ಚೀಲ ತೂಗುತ್ತಿದ್ದರೆ ಅದು ಹಾಲಲ್ಲ, ಈ ಎಣ್ಣೆ. ಮೊಟ್ಟೆ ಸೋಯಾಗಳು ಒಗ್ಗದವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸತಕ್ಕದ್ದು.

ಈಗ ೫೦ ಕಿಲೋಗ್ರಾಂ ತೂಕದ ರೋಗಿಗೆ ಕಟ್ಟುವ ಚೀಲದಲ್ಲಿ ಸುಮಾರಾಗಿ ೬೦ ಗ್ರಾಂ ಅಮೈನೋ ಆಮ್ಲ, ೨೦೦ ಗ್ರಾಂ ಸಕ್ಕರೆ, ೫೦ ಗ್ರಾಂ ಎಣ್ಣೆ ಇರುವುವೆಂದಿಟ್ಟುಕೊಳ್ಳೋಣ. ಕೂಡಿದರೆ ೧೪೦೦ ಕ್ಯಾಲೊರಿ. ಎಲ್ಲವೂ ಒಂದೂವರೆ ಎರಡು ಲೀಟರಿನೊಳಗೆ. ಸಾಮಾನ್ಯ ಸೀಸೆಯ ಲೆಕ್ಕದೊಡನೆ ಇದನ್ನು ಹೋಲಿಸಿ ನೋಡಿದರೆ ಭೇದವು ತಾನಾಗಿ ತಿಳಿಯುವುದು. ಇವುಗಳ ಜೊತೆಗೆ ಉಪ್ಪುಗಳು, ಜೀವಸತ್ವಗಳು, ಸತು ಸೆಲೆನಿಯಂ ಮೊದಲಾದ ಲೋಹಾದಿಗಳ ಧೂಳಿನಷ್ಟು ಅಂಶಗಳು.

ಈ ಧೂಳಿನಷ್ಟು ಅಂಶಗಳ ಕಥೆ ಬಲು ಸ್ವಾರಸ್ಯವಾದುದು. ಅಡಿಗೆಯಲ್ಲಿ ನಾವು ಹಾಕಿದೆವೆಂದು ನಮಗೇ ತಿಳಿಯದೆ ಎಷ್ಟೋ ವಸ್ತುಗಳು ಸೊಪ್ಪಿನಿಂದ, ಕಾಳಿನಿಂದ, ಬಾವಿಯ ನೀರಿನಿಂದ ನಮ್ಮ ಹೊಟ್ಟೆಗೆ ಬರುತ್ತವೆ. ಚೀಲದೊಳಕ್ಕೆ ಮನುಷ್ಯನು ಹಾಕಿದುದಲ್ಲದೆ ಬೇರೇನೂ ಬಾರದು. ಸತುವನ್ನು ಮರೆತಾಗ ರೋಗಿಗಳ ಬಾಯಿಯ ಸುತ್ತ ಹುಣ್ಣೆದ್ದು ಕೂದಲುದುರಿತು. ಎಣ್ಣೆಯನ್ನು ಕೊಡದಿದ್ದಾಗ ಚರ್ಮವು ಹೊಟ್ಟಿನಂತೆ ಸುಲಿಯಿತು. ಕೆನಡಾದ ಟೊರಾಂಟೋ ನಗರದಲ್ಲಿ ಕರುಳು ಕಳೆದುಕೊಂಡ ಒಬ್ಬ ಹೆಂಗಸು ಮೂರೂವರೆ ವರ್ಷ ಈ ಆಹಾರದಿಂದ ಬದುಕಿದ ಮೇಲೆ ಕಾರಣವಿಲ್ಲದೆ ತೂಕ ಕಳೆದುಕೊಂಡಳು. ಕಾಲುಗಳು ಹಿಡಿತ ತಪ್ಪಿದವು. ರಕ್ತದಲ್ಲಿ ಸಕ್ಕರೆ ಏರಿತು. ಅವಳ ವೈದ್ಯರು ಖುರ್ಷೀದ್ ಜೀಜೀಭಾಯ್; ನಮ್ಮ ವೆಲ್ಲೂರಿನ ವೈದ್ಯವಿದ್ಯಾಲಯದಲ್ಲಿ ಓದಿದವರು. ಅವಳಿಗೆ ಕೊರತೆಯಾದುದು ಕ್ರೋಮಿಯಂ ಎಂದು ಊಹಿಸಿ ದಿನಕ್ಕೆ ೨೫೦ ಮೈಕ್ರೋಗ್ರಾಂ ಕೊಟ್ಟರು. ಒಂದು ಗ್ರಾಮಿನ ನಾಲ್ಕು ಸಾವಿರದಲ್ಲೊಂದು ಪಾಲು! ಅಷ್ಟರಿಂದಲೇ ಅವಳು ಚೇತರಿಸಿಕೊಂಡಳು. ೧೯೭೭ರಲ್ಲಿ ಇದು ಪ್ರಕಟವಾದ ಮೇಲೆಯೇ ಮನುಷ್ಯನಿಗೆ ಆ ಲೋಹದಿಂದ ಏನು ಪ್ರಯೋಜನವೆಂಬ ವಿಚಾರವು ಜೋರಾಗಿ ನಡೆಯಿತು.

ಕರುಳು ಶಾಶ್ವತವಾಗಿ ಹೋದವರು ಮನೆಯಲ್ಲಿಯೇ ರಾತ್ರಿ ಹತ್ತು ಹನ್ನೆರಡು ಗಂಟೆ ಈ ಆಹಾರವನ್ನು ಯಂತ್ರದಿಂದ ಏರಿಸಿಕೊಂಡು, ಬೆಳಿಗ್ಗೆ ಕೊಳವೆಯ ಮುಚ್ಚಳ ಹಾಕಿ ಕೆಲಸಕ್ಕೆ ಹೋಗುವ ಪದ್ಧತಿ ಪಶ್ಚಿಮ ದೇಶಗಳಲ್ಲಿ ಅರ್ಧ ಶತಮಾನದಿಂದ ಇದೆ. ನಮ್ಮಲ್ಲಿ ಇದು ವಿರಳ. ಇದರ ವೆಚ್ಚವು ಸಾಮಾನ್ಯ ಸಂಸಾರದ ಶಕ್ತಿಗೆ ಮೀರಿದುದು. ಹೀಗೆ ಹೇಳುವಾಗ ನಮಗೆ ವ್ಯಸನವಾಗುತ್ತದೆ.

ಹಸಿವು ಎಂಬುದು ಮಾತ್ರ ಈ ಉಪಾಯಕ್ಕೆ ಪೂರ್ತಿಯಾಗಿ ಬಗ್ಗುವುದಿಲ್ಲ. ನಮ್ಮ ಬಂಧುಗಳೊಬ್ಬರು ಕರುಳಿನ ಶಸ್ತ್ರಕ್ರಿಯೆಯ ನಂತರ ಹದಿನೆಂಟು ದಿನ ಹೀಗೆ ಪೋಷಣೆ ಪಡೆದರು. ತೂಕ ಇಳಿಯಲಿಲ್ಲ, ಗಾಯ ಮಾಯಿತು, ವೈದ್ಯರು ಸಂತುಷ್ಟರಾದರು. ಪಕ್ಕದ ಹಾಸಿಗೆಯವರ ಡಬ್ಬಿಯಿಂದ ಸಾರಿನ ಒಗ್ಗರಣೆಯ ವಾಸನೆ ಬಂದಾಗ ಮಾತ್ರ ಅವರು ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದರು. ಹತ್ತೊಂಬತ್ತನೆಯ ದಿನ ಎರಡು ಚಮಚ ಗಂಜಿತಿಳಿಯನ್ನು ಕೊಟ್ಟಾಗ ಅವರ ಮುಖದಲ್ಲಿ ಕಂಡುದನ್ನು ವರ್ಣಿಸುವ ಶಕ್ತಿ ನಮಗಿಲ್ಲ.

ಅಪಾಯಗಳೇನು ಕಡಿಮೆಯಿಲ್ಲ. ಕೊಳವೆಯನ್ನಿಡುವಾಗ ಸೂಜಿಯು ಶ್ವಾಸಕೋಶವನ್ನು ಚುಚ್ಚಬಹುದು. ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಬಹುದು. ಸಕ್ಕರೆಯು ಮಿತಿಮೀರಬಹುದು. ಬಹುಕಾಲ ಕೊಟ್ಟರೆ, ವಿಶೇಷವಾಗಿ ಶಿಶುಗಳಲ್ಲಿ, ಯಕೃತ್ತು ಕೆಡುವುದುಂಟು. ಕೆಲಸವಿಲ್ಲದ ಕರುಳಿನ ಒಳಪೊರೆಯು ತೆಳ್ಳಗಾಗುವುದರಿಂದ ಸಾಧ್ಯವಾದೊಡನೆ ಸ್ವಲ್ಪವಾದರೂ ಆಹಾರವನ್ನು ಕರುಳಿಗೆ ಮುಟ್ಟಿಸುವರು. ಎಲ್ಲಕ್ಕಿಂತ ಹೆಚ್ಚಿನದು ನಂಜು. ಹೃದಯದ ಬಾಗಿಲಿಗೆ ನೇರವಾಗಿ ಹೋಗುವ ಕೊಳವೆಯ ಹೊರತುದಿಯನ್ನು ತೊಳೆಯದ ಕೈಯಿಂದ ಮುಟ್ಟಿದರೆ ಆಗುವ ಅನರ್ಥವನ್ನು ಹೇಳಬೇಕಾಗಿಲ್ಲ. ರೋಗಿಯ ಬಳಿ ಕುಳಿತವರು ಚೀಲವನ್ನು ತಾವಾಗಿ ಬಿಚ್ಚುವುದಾಗಲಿ, ಹನಿಯ ವೇಗವನ್ನು ಹೆಚ್ಚಿಸುವುದಾಗಲಿ, “ಒಂದು ನಿಮಿಷ ತೆಗೆದಿಡಿ, ಬಟ್ಟೆ ಬದಲಾಯಿಸುತ್ತೇವೆ” ಎಂದು ಒತ್ತಾಯಿಸುವುದಾಗಲಿ ಕೂಡದು. ಚಳಿ, ನಡುಕ, ಹಠಾತ್ತಾದ ಜ್ವರ ಕಂಡರೆ ಕೂಡಲೆ ದಾದಿಯನ್ನು ಕರೆಯತಕ್ಕದ್ದು, ಬೆಳಗಾಗಲೆಂದು ಕಾಯಬಾರದು.

ಇನ್ನೊಂದು ಅಪಾಯವು ಕನಿಕರದಿಂದಲೇ ಹುಟ್ಟುವಂತಹುದು. ಬಹುದಿನ ಉಪವಾಸವಿದ್ದ ದೇಹಕ್ಕೆ ಒಮ್ಮೆಗೇ ಹೇರಳವಾಗಿ ಆಹಾರ ಕೊಟ್ಟರೆ, ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಮೊದಲಾದ ಲವಣಗಳು ಸಕ್ಕರೆಯೊಡನೆ ಜೀವಕೋಶಗಳೊಳಕ್ಕೆ ನುಗ್ಗಿಬಿಡುವುವು. ರಕ್ತದಲ್ಲಿ ಅವು ಬರಿದಾಗಿ ಹೃದಯವು ತತ್ತರಿಸುವುದು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಸೆರೆಯಿಂದ ಬಿಡುಗಡೆಯಾದ ಎಷ್ಟೋ ಜನರು ಹಸಿವಿನಿಂದ ಸಾಯದೆ, ಅನ್ನ ಸಿಕ್ಕಿದ ಮೇಲೆ ಸತ್ತುದು ಹೀಗೆ. ೧೯೮೧ರಲ್ಲಿ ಇಬ್ಬರು ಅಮೆರಿಕದ ವೈದ್ಯರು, ಸಿರೆಯ ಆಹಾರವನ್ನು ಅವಸರದಿಂದ ಕೊಟ್ಟುದರಿಂದಲೇ ಒದಗಿದ ಮರಣಗಳನ್ನು ವರದಿಮಾಡಿದರು. ಆದುದರಿಂದಲೇ ವೈದ್ಯರು ಮೊದಲ ದಿನಗಳಲ್ಲಿ ಕಾಲುಭಾಗ ಅರ್ಧಭಾಗವನ್ನಷ್ಟೇ ಕೊಟ್ಟು, ಬಿ ಒಂದು ಜೀವಸತ್ವವನ್ನು ಮುಂಚಿತವಾಗಿ ಹಾಕಿ, ದಿನವೂ ರಕ್ತ ಪರೀಕ್ಷಿಸುವುದು. “ಇಷ್ಟು ದುಡ್ಡು ತೆಗೆದುಕೊಂಡು ಇಷ್ಟೇ ಹಾಕುತ್ತೀರಾ?” ಎಂದು ಅವರ ಮೇಲೆ ಹರಿಹಾಯುವವರು ಇದನ್ನು ತಿಳಿದಿರಲಿ.

ಕರುಳು ಕೆಲಸ ಮಾಡುವವರೆಗೂ ಕರುಳನ್ನೇ ನಂಬಬೇಕೆಂಬುದರಲ್ಲಿ ವೈದ್ಯರೆಲ್ಲರದೂ ಒಂದೇ ಮತ. ನುಂಗಲಾರದವರಿಗೆ ಮೂಗಿನಿಂದ ಜಠರಕ್ಕೆ ಸಣ್ಣ ನಳಿಕೆಯಿಟ್ಟು ಆಹಾರ ಕೊಡಬಹುದು; ಬಹುಕಾಲ ಬೇಕಾದರೆ ಹೊಟ್ಟೆಯ ಮೇಲಿಂದ ಜಠರಕ್ಕೇ ನಳಿಕೆಯಿಡಬಹುದು. ಮೂಗಿನ ನಳಿಕೆಯನ್ನು ಕಂಡರೆ ಜನರು ಹೆದರುವರು, ಸಿರೆಯ ಸೂಜಿಯನ್ನು ಕಂಡರೆ ಹಿಗ್ಗುವರು. ವಾಸ್ತವವಾಗಿ ಮೊದಲನೆಯದೇ ಸುರಕ್ಷಿತ, ಅಗ್ಗ, ದೇಹಕ್ಕೆ ಸಹಜ. ಲ್ಯಾಟಾ ಸಿರೆಯಿಂದ ಗೆಲ್ಲಲೆಳಸಿದ ಕಾಲರಾವನ್ನೇ ೧೯೭೧ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬೀಸ್ ಬಾಯಿಂದಲೇ ಗೆದ್ದರು. ಸೀಸೆಗಳು ಮುಗಿಯುತ್ತ ಬಂದಿದ್ದವು. ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ, ಲೋಟದಲ್ಲಿ ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಹೇಳಿದರು. ನೂರಕ್ಕೆ ಮೂವತ್ತರಂತೆ ಸಾಯುತ್ತಿದ್ದವರು ನಾಲ್ಕಕ್ಕಿಂತ ಕಡಿಮೆಗೆ ಇಳಿದರು.

ಸಿರೆಯ ಆಹಾರವು ಬೇಕಾಗುವುದು ಕರುಳು ತುಂಡಾಗಿಯೋ ಸೋರಿಯೋ ಕಟ್ಟಿಕೊಂಡೋ ಇರುವಾಗ, ಮತ್ತು ಆ ಸ್ಥಿತಿಯು ಬೇಗ ಸುಧಾರಿಸದೆಂದು ಕಂಡಾಗ. ಮೊದಲು ಪುಷ್ಟವಾಗಿದ್ದ ಪ್ರಾಯದವರು ಸುಮಾರು ಒಂದು ವಾರ ಕಾಯಬಲ್ಲರು. ಮೊದಲೇ ಸೊರಗಿದವರು ಕಾಯಲಾರರು. ಇದು ಸೇತುವೆಯಂತೆ. ಆಚೆಯ ದಡ ಯಾವುದು, ಎಷ್ಟು ದಿನದ ದಾರಿ ಎಂದು ಮನೆಯ ಯಜಮಾನರು ವೈದ್ಯರನ್ನು ಮೊದಲ ದಿನವೇ ಕೇಳುವುದು ಒಳ್ಳೆಯದು.

ಆಚೆಯ ದಡವೇ ಇಲ್ಲದ ಸಂದರ್ಭವೂ ಉಂಟು. ಬರೆಯಲು ಹಿಂಜರಿಯುತ್ತೇವೆ, ಆದರೂ ಬರೆಯಬೇಕು. ವಯಸ್ಸು ತುಂಬಿ, ಅಥವಾ ವಾಸಿಯಾಗದ ರೋಗದಿಂದ ದೇಹವು ಮುಗಿಯುತ್ತ ಬಂದಾಗ ಹಸಿವು ತಾನಾಗಿ ಅಡಗುವುದು. ಅನ್ನ ಬಿಟ್ಟುದರಿಂದ ಅವರು ಹೋಗುತ್ತಿರುವರೆಂದು ನಮಗೆ ತೋರುತ್ತದೆ. ಹೋಗುತ್ತಿರುವುದರಿಂದ ಅನ್ನ ಬಿಟ್ಟಿರುವರೆಂಬುದೇ ಹೆಚ್ಚು ನಿಜ. ಆಗ ಸಿರೆಯಿಂದ ಹರಿಸಿದ ನೀರು, ಅನ್ನಗಳನ್ನು ದೇಹವು ಬಳಸಿಕೊಳ್ಳಲಾರದು. ಅವು ಕೈಕಾಲುಗಳಲ್ಲಿ ಬಾವಾಗಿ, ಎದೆಯಲ್ಲಿ ಗೊರಗೊರ ಸದ್ದಾಗಿ ನಿಲ್ಲುವುವು. ಸೂಜಿ ಹಾಕಿಸದಿದ್ದರೆ ತಾಯಿಯನ್ನು ಉಪವಾಸ ಕೊಂದೆವೆಂದು ನೆಂಟರು ಆಡಿಕೊಳ್ಳುವರೆಂಬ ಭಯದಿಂದಲೇ ಸೂಜಿ ಹಾಕಿಸಿದ ಮಕ್ಕಳನ್ನು ನಾವು ಬಲ್ಲೆವು. ಅಂತಹ ಸಮಯದಲ್ಲಿ ತುಟಿ ಒಣಗದಂತೆ ಒದ್ದೆಯ ಹತ್ತಿಯಿಂದ ಆಗಾಗ್ಗೆ ಒರೆಸಬೇಕು, ಬಾಯನ್ನು ಶುಚಿಯಾಗಿಡಬೇಕು, ತಲೆಯನ್ನು ಸ್ವಲ್ಪ ಎತ್ತರಿಸಿ ಪಕ್ಕಕ್ಕೆ ತಿರುಗಿಸಿರಬೇಕು. ತುಳಸಿಯ ತೀರ್ಥವನ್ನು ಬಿಡುವುದಾದರೆ ಉದ್ಧರಣೆ ತುಂಬ ಸುರಿಯಬಾರದು. ನುಂಗಲಾರದವರಿಗೆ ಅದು ಉಸಿರಿನ ಕೊಳವೆಗೆ ಇಳಿಯುವುದು. ದಳದ ತುದಿಯಿಂದ ಒಂದೆರಡು ಹನಿ ಕೆಳತುಟಿಯ ಒಳಮಗ್ಗುಲಿಗೆ ತಾಗಿಸಿದರೆ ಸಾಕು.